ದಿನಕ್ಕೆ ಒಂಬತ್ತು ಸಲ

ಎರಡು ಹೊತ್ತೂ ತಪ್ಪದೆ ಹಲ್ಲುಜ್ಜುವವನು ನಾನು. ಆದರೂ ಒಂದೇ ವರ್ಷದಲ್ಲಿ ಮೂರು ದವಡೆ ಹಲ್ಲು ಹುಳುಕಾದವು. ನೋವಿರಲಿಲ್ಲ, ಎಕ್ಸ್‌-ರೇ ತೆಗೆದಾಗಲೇ ಗೊತ್ತಾಗಿದ್ದು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನಲ್ಲಿ ನರ ಇಲ್ಲವಲ್ಲ, ಹುಳುಕು ಒಳಪದರ ಮುಟ್ಟುವವರೆಗೂ ಹಲ್ಲು ಸುಮ್ನೆ ಇರುತ್ತದೆ.

ಎಷ್ಟು ಸಲ ಉಜ್ಜುತ್ತೀರಿ ಅಂತ ಡಾಕ್ಟರ್ ಕೇಳಲೇ ಇಲ್ಲ. "ದಿನಕ್ಕೆ ಎಷ್ಟು ಸಲ ಬಾಯಿಗೆ ಸಿಹಿ ಬೀಳುತ್ತೆ?" ಅಂದರು. ನಾನು ಸಿಹಿ ತಿನ್ನುವುದೇ ಅಪರೂಪ ಅಂದೆ. "ಒಂದು ವಾರ ಬರೆದಿಟ್ಟು ತನ್ನಿ" ಅಂದರು.

ಬರೆದೆ. ದಿನಕ್ಕೆ ಒಂಬತ್ತು! ಅದರಲ್ಲಿ ಸಿಹಿತಿಂಡಿ ಒಂದೂ ಇರಲಿಲ್ಲ. ಸಕ್ಕರೆ ಹಾಕಿದ ಟೀ, ಅದರ ಜೊತೆ ಬಿಸ್ಕತ್ತು, ಗಂಟಲಿಗೆ ಅಂತ ಚೀಪುವ ಮಾತ್ರೆ, ಕೆಲಸದ ನಡುವೆ ಗುಟುಕು ಗುಟುಕಾಗಿ ಕುಡಿಯುವ ಜ್ಯೂಸ್.

ಹುಳುಕು ಅನ್ನುವ ಮಾತಿನಿಂದಲೋ ಏನೋ, ಹಲ್ಲನ್ನು ಹುಳ ತಿನ್ನುತ್ತದೆ ಅಂತಲೇ ಚಿಕ್ಕಂದಿನಲ್ಲಿ ನಂಬಿದ್ದೆ. ಹುಳ ಎಲ್ಲಿಂದ ಬರಬೇಕು! ಹಲ್ಲಿನ ಮೇಲೆ ಪ್ಲಾಕ್ ಅನ್ನುವ ಅಂಟುಪದರ ಇರುತ್ತದೆ. ಅದರಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆ ಸಿಕ್ಕ ಕೆಲವೇ ನಿಮಿಷದಲ್ಲಿ ಆಮ್ಲ ಮಾಡುತ್ತವೆ. ಹುಳಿಯನ್ನು ಅಳೆಯುವ ಪಿಎಚ್ (ಅದು ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನ ಕ್ಯಾಲ್ಸಿಯಂ, ಫಾಸ್ಫೇಟ್ ಕರಗತೊಡಗುತ್ತವೆ. ಆಮೇಲೆ ಜೊಲ್ಲು ಆ ಹುಳಿಯನ್ನು ಇಳಿಸಿ, ಕಳೆದುಹೋದ ಖನಿಜವನ್ನು ಸ್ವಲ್ಪ ಸ್ವಲ್ಪವಾಗಿ ಮರಳಿ ತುಂಬುತ್ತದೆ. ಅದಕ್ಕೆ ಅರ್ಧ ಗಂಟೆಯಾದರೂ ಬೇಕು. ನನ್ನ ಹಲ್ಲಿಗೆ ಆ ಅರ್ಧ ಗಂಟೆಯೇ ಸಿಗುತ್ತಿರಲಿಲ್ಲ. ಒಂದು ಲೋಟ ಜ್ಯೂಸನ್ನು ಎರಡು ಗಂಟೆ ಕುಡಿದರೆ ಅಷ್ಟು ಹೊತ್ತೂ ಹಲ್ಲು ಹುಳಿಯಲ್ಲಿ ನೆನೆದ ಹಾಗೆಯೇ ಅಲ್ವಾ?

1940ರ ದಶಕದಲ್ಲಿ ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ ಇದನ್ನೇ ಪರೀಕ್ಷಿಸಿದ್ದರು. ಊಟದ ಜೊತೆ ಸಕ್ಕರೆ ತಿಂದವರಿಗಿಂತ, ಎರಡು ಊಟಗಳ ನಡುವಿನ ಹೊತ್ತಿನಲ್ಲಿ ಅಂಟಂಟು ಟಾಫಿ ತಿಂದವರ ಹಲ್ಲು ತುಂಬಾ ಜಾಸ್ತಿ ಹುಳುಕಾದವು. ಬುದ್ಧಿಮಾಂದ್ಯ ರೋಗಿಗಳ ಒಪ್ಪಿಗೆಯನ್ನೂ ಪಡೆಯದೆ ಮಾಡಿದ ಪ್ರಯೋಗ ಅದು. ಓದುವಾಗ ಮನಸ್ಸು ಕಹಿಯಾಯಿತು.

ನಾನು ಸಕ್ಕರೆ ಬಿಡಲಿಲ್ಲ, ಊಟ-ತಿಂಡಿಯ ಹೊತ್ತಿಗೆ ಸೇರಿಸಿಬಿಟ್ಟೆ. ನಡುವೆ ನೀರು, ಇಲ್ಲಾ ಸಕ್ಕರೆಯಿಲ್ಲದ ಟೀ. ಮೊದಲ ಹತ್ತು ದಿನ ಆ ಟೀ ಕಷಾಯದ ಹಾಗಿತ್ತು.

ಉಜ್ಜುವುದರಲ್ಲೂ ಒಂದು ತಪ್ಪು ಮಾಡುತ್ತಿದ್ದೆ. ಫ್ಲೋರೈಡ್ ಪೇಸ್ಟ್‌ನಲ್ಲಿ ಉಜ್ಜಿ, ಮೂರು ಸಲ ಬಾಯಿ ಮುಕ್ಕಳಿಸಿ, ಎನಾಮೆಲ್ ಗಟ್ಟಿ ಮಾಡುವ ಆ ಫ್ಲೋರೈಡನ್ನೇ ತೊಳೆದುಹಾಕುತ್ತಿದ್ದೆ. ಈಗ ಬರೀ ಉಗಿಯುತ್ತೇನೆ. ಪೇಸ್ಟ್‌ನಲ್ಲಿ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಫ್ಲೋರೈಡ್ ಇದೆಯಾ ಅಂತ ನೋಡಿಕೊಳ್ಳುತ್ತೇನೆ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ, ಹಾಗಾಗಿ ರಾತ್ರಿ ಉಜ್ಜಿದ ಮೇಲೆ ನೀರು ಮಾತ್ರ.

ಮೂರೂ ಹುಳುಕು ಇದ್ದದ್ದು ಹಲ್ಲಿನ ಸಂದಿಯಲ್ಲಿ. ಬ್ರಷ್ ಅಲ್ಲಿಗೆ ಹೋಗುವುದಿಲ್ಲ, ಫ್ಲಾಸ್ ದಾರವೇ ಬೇಕು. ಶುರುವಿನಲ್ಲಿ ವಸಡಿನಿಂದ ರಕ್ತ ಬಂದು ಹೆದರಿ ಬಿಟ್ಟಿದ್ದೆ. ಡಾಕ್ಟರ್ ಮುಂದುವರಿಸಿ ಅಂದರು. ಒಂದು ವಾರದಲ್ಲಿ ನಿಂತಿತು.

ಇನ್ನೊಂದು ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಕಲೆಯಿತ್ತು. ಹುಳುಕು ಶುರುವಾಗುವುದೇ ಹಾಗೆ. ಗುಂಡಿ ಬಿದ್ದಿಲ್ಲವಾದ್ದರಿಂದ ಕೊರೆಯುವುದು ಬೇಡ, ಕಾದು ನೋಡೋಣ ಅಂದಿದ್ದರು ಡಾಕ್ಟರ್. ಎರಡು ವರ್ಷವಾಯಿತು. ಕಲೆ ಇದೆ, ಗುಂಡಿ ಇಲ್ಲ.