ಬಿಜೆನ್ ಬಟ್ಟಲಿಗೆ ಮೊದಲು ನೀರು, ಆಮೇಲೆ ಸಾಕೆ
ಸೌದೆ ಉರಿಯ ಆವಿಗೆಯಲ್ಲಿ ಬೆಂದ, ಜಪಾನಿನ ಬಿಜೆನ್ ಶೈಲಿಯ ಮಣ್ಣಿನ ಗುಯಿನೊಮಿಯನ್ನು, ಅಂದರೆ ಸಾಕೆ ಎಂಬ ಅಕ್ಕಿ ಮದ್ಯ ಕುಡಿಯುವ ಪುಟ್ಟ ಬಟ್ಟಲನ್ನು, ಪ್ರತಿ ಸಲವೂ ಬಳಸುವ ಮುನ್ನ ಐದು ನಿಮಿಷ ತಣ್ಣೀರಿನಲ್ಲಿ ಮುಳುಗಿಸಿಡಿ. ಹೊರಮೈ ಒರೆಸಿ ಸಾಕೆ ಸುರಿಯಿರಿ. ಈ ಮಣ್ಣಿಗೆ ಗಾಜಿನಂಥ ಮೆರುಗು ಲೇಪವಿಲ್ಲ; ಸಣ್ಣ ರಂಧ್ರಗಳಲ್ಲಿ ನೀರು ಮೊದಲೇ ಕುಳಿತರೆ ಸಾಕೆಯ ಕಲೆ, ವಾಸನೆ ಒಳಗಿಳಿಯುವುದು ಕಡಿಮೆ. ಒದ್ದೆಯಾದಾಗ ಬಣ್ಣವೂ ಗಾಢವಾಗುತ್ತದೆ. ಭತ್ತದ ಹುಲ್ಲು ಸುತ್ತಿ ಸುಟ್ಟಾಗ ಮೂಡುವ ಹಿದಸುಕಿಯ ಕೆಂಪು ಗೆರೆಗಳು ಎದ್ದು ಕಾಣುತ್ತವೆ. ನನಗಂತೂ ಅರ್ಧ ಸುಖ ಅದರಲ್ಲೇ. ಈಗಾಗಲೇ ಹಿಡಿದಿರುವ ಕಲೆ ಮಾತ್ರ ಇದರಿಂದ ಹೋಗದು. ಉರುಶಿ ಎಂಬ ಮರದ ಅಂಟು, ಚಿನ್ನದ ಪುಡಿಯಿಂದ ಬಿರುಕು ಬೆಸೆದ ಬಟ್ಟಲನ್ನು ನೆನೆಸಲೇಬೇಡಿ. ತೊಳೆದದ್ದನ್ನು ಅಂದೇ ಮರದ ಪೆಟ್ಟಿಗೆಗೆ ಸೇರಿಸಿದರೆ ಬೂಷ್ಟು ಹಿಡಿಯಬಹುದು; ಎರಡು ಮೂರು ದಿನ ಗಾಳಿಗೆ ಬಿಡಿ.