ಪಪ್ಪಾಯಿಯ ಬುಡಕೊಳೆಗೆ ಟ್ರೈಕೋಡರ್ಮಾ: ನನ್ನ ಅನುಭವ

ಮೊದಲ ಸಲ ಟ್ರೈಕೋಡರ್ಮಾ (ರೋಗ ತಡೆಯಲು ಮಣ್ಣಿಗೆ ಹಾಕುವ ಉಪಕಾರಿ ಜೀವಿ) ಹಾಕಿದಾಗ ಅದನ್ನು ಹಾಳು ಮಾಡಿದವನು ನಾನೇ.

ಮಳೆ ಹಿಡಿದು ವಾರವಾಗಿತ್ತು. ಪಪ್ಪಾಯಿ ಗಿಡಗಳ ಬುಡದಲ್ಲಿ, ಕಾಂಡ ಮಣ್ಣಿಗೆ ತಾಗುವ ಕಡೆ, ನೀರು ಹೀರಿದಂಥ ಮಚ್ಚೆ ಕಾಣಿಸಿತು. ನೋಡನೋಡುತ್ತಲೇ ಅದು ಕಂದಾಗಿ, ಮೆತ್ತಗಾಗಿ, ಕಾಂಡದ ಸುತ್ತ ಹರಡಿತು. ಎಲೆಗಳು ಹಳದಿಯಾಗಿ ಜೋತುಬಿದ್ದವು. ಜೋರು ಗಾಳಿಗೆ ಗಿಡ ಬುಡದಲ್ಲೇ ಮುರಿದು ಬೀಳುತ್ತಿತ್ತು. ಗಾಬರಿಯಲ್ಲಿ ಟ್ರೈಕೋಡರ್ಮಾ ಪುಡಿ ಕದಡಿ ಬುಡಕ್ಕೆ ಸುರಿದೆ. ಮೂರು ದಿನ ಕಾದೆ. ಏನೂ ಆಗಲಿಲ್ಲ ಅಂತ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಸುರಿದೆ.

ತಪ್ಪು ಒಂದಲ್ಲ, ಎರಡು. ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರವೇ ಅಲ್ವಾ? ಕಾರ್ಬೆಂಡಜಿಮ್ ಅದನ್ನು ಬೆಳೆಯಲು ಬಿಡುವುದಿಲ್ಲ. ಆದರೆ ಬುಡಕೊಳೆ ತರುವ ಪಿಥಿಯಂ, ಫೈಟಾಫ್ತೊರಾಗಳಿಗೆ ಆ ಔಷಧಿ ನಾಟುವುದೇ ಇಲ್ಲ. ನೋಡಲು ಶಿಲೀಂಧ್ರದ ಹಾಗಿದ್ದರೂ ಅವು ಬೇರೆ ಜಾತಿ, ಕಂದು ಪಾಚಿಗಳ ನೆಂಟರು. ಕಳ್ಳನನ್ನು ಬಿಟ್ಟು ಕಾವಲು ನಾಯಿಗೆ ಹೊಡೆದಂತಾಯಿತು.

ಆಮೇಲೆ ಸ್ವಲ್ಪ ಓದಿದೆ. 1932ರಲ್ಲೇ ವೈಂಡ್ಲಿಂಗ್ ಎಂಬ ವಿಜ್ಞಾನಿ, ಟ್ರೈಕೋಡರ್ಮಾದ ಎಳೆಗಳು ಮಣ್ಣಿನ ಬೇರೆ ಶಿಲೀಂಧ್ರಗಳ ಎಳೆಗಳಿಗೆ ಸುತ್ತಿಕೊಂಡು ಅವನ್ನೇ ತಿನ್ನುವುದನ್ನು ವಿವರಿಸಿದ್ದರು. ಅದು ಕಿಣ್ವಗಳನ್ನು ಬಿಟ್ಟು ಶತ್ರುವಿನ ಕೋಶದ ಗೋಡೆಯನ್ನು ಕರಗಿಸುತ್ತದೆ. ಬೇರಿನ ಸುತ್ತ ಮೊದಲೇ ಜಾಗ ಹಿಡಿದು ಬೇರೆಯವಕ್ಕೆ ಆಹಾರ ಸಿಗದಂತೆಯೂ ಮಾಡುತ್ತದೆ. ನನಗೆ ಮುಖ್ಯ ಅನ್ನಿಸಿದ್ದು ಈ 'ಮೊದಲೇ' ಅನ್ನುವ ಮಾತು. ಕೊಳೆತ ಕಾಂಡವನ್ನು ಅದು ಸರಿಮಾಡುವುದಿಲ್ಲ.

ಹಾಗಾಗಿ ಮುಂದಿನ ಸಲ ನಾಟಿಗೆ ಮೊದಲೇ ಶುರು ಮಾಡಿದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 90 ಕಿಲೋ, ಬೇವಿನ ಹಿಂಡಿ 10 ಕಿಲೋ, ಟ್ರೈಕೋಡರ್ಮಾ ಪುಡಿ 1 ಕಿಲೋ. ಹಸಿ ಸಗಣಿ ಬೇಡ, ಅದು ಕಾವೇರುತ್ತದೆ. ನೀರು ಚಿಮುಕಿಸಿ ಕಲಸಬೇಕು. ಹಿಡಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ನೆರಳಲ್ಲಿ ರಾಶಿ ಹಾಕಿ ಒದ್ದೆ ಗೋಣಿಚೀಲ ಹೊದಿಸಿದೆ. ಐದೈದು ದಿನಕ್ಕೊಮ್ಮೆ ಮಗುಚಿ ಹಾಕಿದೆ. ಹದಿನೈದು ದಿನಕ್ಕೆ ರಾಶಿಯಲ್ಲಿ ಅಲ್ಲಲ್ಲಿ ಹಸಿರು ಬೂಷ್ಟು ಕಂಡಿತು. 25ರಿಂದ 30 ಡಿಗ್ರಿ ಶಾಖ ಇದ್ದರೆ ಅದು ಚುರುಕಾಗಿ ಬೆಳೆಯುತ್ತದೆ. ಬಿಸಿಲಿಗೆ ಇಟ್ಟ ಒಂದು ಸಣ್ಣ ರಾಶಿಯಲ್ಲಿ ಏನೂ ಹುಟ್ಟಲಿಲ್ಲ.

ಪುಡಿಗೆ ಜೀವ ಇದೆಯೋ ಇಲ್ಲವೋ ಅಂತ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಅರೆಬೆಂದ ಅಕ್ಕಿಯನ್ನು ತಣ್ಣಗಾಗಿಸಿ, ಚಿಟಿಕೆ ಪುಡಿ ಉದುರಿಸಿ ಮುಚ್ಚಿಟ್ಟೆ. ಪಕ್ಕದಲ್ಲಿ ಪುಡಿ ಹಾಕದ ಇನ್ನೊಂದು ಡಬ್ಬಿ. ಐದಾರು ದಿನಕ್ಕೆ ಪುಡಿ ಹಾಕಿದ್ದರಲ್ಲಿ ಮಾತ್ರ ಬಿಳಿ ಎಳೆ ಬಂದು ಹಸಿರಾಯಿತು. ಎರಡರಲ್ಲೂ ಹಸಿರು ಬಂದರೆ ಅದು ಸುಮ್ನೆ ಬೂಷ್ಟು, ಆ ಪರೀಕ್ಷೆಯನ್ನು ನಂಬಬೇಡಿ. ಒಂದು ಸಲ ತಂದ ಪೊಟ್ಟಣದಲ್ಲಿ ಏನೂ ಬೆಳೆಯಲಿಲ್ಲ. ತಿರುಗಿಸಿ ನೋಡಿದರೆ ಅವಧಿ ಮುಗಿದಿತ್ತು.

ಗುಂಡಿಗೆ ಎರಡೆರಡು ಕಿಲೋ ಈ ಗೊಬ್ಬರ ಹಾಕಿ ಸಸಿ ನೆಟ್ಟೆ. ಮಳೆಗೆ ಮೊದಲು ಇನ್ನೊಮ್ಮೆ ಕೊಟ್ಟೆ. ಜೊತೆಗೆ ಏರುಮಡಿ ಮಾಡಿ ಬಸಿಗಾಲುವೆ ತೆಗೆದೆ. ಇದನ್ನು ಬಿಟ್ಟು ಟ್ರೈಕೋಡರ್ಮಾ ಒಂದನ್ನೇ ಹೊಗಳಿದರೆ ಸುಳ್ಳಾಗುತ್ತದೆ. ಪಿಥಿಯಂ ಜಾತಿಯ ಬೀಜಕಣಗಳು ನೀರಲ್ಲೇ ಈಜಿ ಬೇರು ಸೇರುತ್ತವೆ, ನಿಂತ ನೀರು ಅವಕ್ಕೆ ಹೆದ್ದಾರಿ ಇದ್ದಂತೆ. ಬೇಕೆಂದೇ ಒಂದು ಸಾಲಿಗೆ ಏರುಮಡಿ ಮಾಡಿ, ಟ್ರೈಕೋಡರ್ಮಾ ಇಲ್ಲದ ಗೊಬ್ಬರ ಹಾಕಿದ್ದೆ. ಆ ಸಾಲಲ್ಲೂ ಹಿಂದಿನ ವರ್ಷದಷ್ಟು ಗಿಡ ಹೋಗಲಿಲ್ಲ. ಆದರೆ ಉಳಿದ ಸಾಲುಗಳಿಗಿಂತ ಅಲ್ಲೇ ಜಾಸ್ತಿ ಹೋದವು. ಇದರಲ್ಲಿ ಕಾಲುವೆಯ ಪಾಲೆಷ್ಟು, ಟ್ರೈಕೋಡರ್ಮಾದ ಪಾಲೆಷ್ಟು ಅಂತ ಒಂದೇ ಸಾಲು ನೋಡಿ ಹೇಳಲು ನನ್ನಿಂದ ಆಗದು.

ಹಣ್ಣಿನ ಮೇಲೆ ಮಚ್ಚೆ ಬೀಳುವ ಚಿಬ್ಬು ರೋಗದ ಕಥೆಯೇ ಬೇರೆ. ಅದರ ಶಿಲೀಂಧ್ರ ಕಾಯಿ ಹಸಿರಿದ್ದಾಗಲೇ ಒಳಸೇರಿ ಸುಮ್ಮನಿದ್ದು, ಹಣ್ಣಾಗುವಾಗ ಎದ್ದೇಳುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾವನ್ನು ಸಂಜೆ ಹೊತ್ತು ಸಿಂಪಡಿಸಿದೆ, ಬಿಸಿಲಿಗೆ ಸಾಯಬಾರದು ಅಂತ. ಮಳೆ ಕಡಿಮೆ ಇದ್ದ ತಿಂಗಳಲ್ಲಿ ಮಚ್ಚೆ ಕಡಿಮೆಯಿತ್ತು. ಸತತ ಮಳೆ ಬಂದಾಗ ಸಿಂಪಡಿಸಿದ್ದೆಲ್ಲ ತೊಳೆದುಹೋಯಿತು. ಈಗ ಒಣಗಿದ ಎಲೆ, ಕೊಳೆತ ಕಾಯಿಗಳನ್ನು ವಾರಕ್ಕೊಮ್ಮೆ ಆರಿಸಿ ತೋಟದಿಂದಾಚೆ ಹೂಳುತ್ತಿದ್ದೇನೆ.