ಕ್ಯೂಸೆಕ್, ಟಿಎಂಸಿ, ಆರೋಪಿ: ಸುದ್ದಿ ತಿದ್ದುವಾಗ ನೋಡಲೇಬೇಕಾದವು

ಮಳೆಗಾಲದ ವರದಿಗಳಲ್ಲಿ ಹೆಚ್ಚು ತಪ್ಪು ನುಸುಳುವುದು ಜಲಾಶಯದ ಅಂಕಿಗಳಲ್ಲಿ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಅದು ಹರಿವಿನ ದರವೇ ಹೊರತು ನೀರಿನ ಮೊತ್ತವಲ್ಲ. ಹಾಗಾಗಿ "20 ಸಾವಿರ ಕ್ಯೂಸೆಕ್ ನೀರು ಸಂಗ್ರಹ" ಎಂದು ಬಂದರೆ ವರದಿಗಾರರಿಗೆ ಫೋನ್ ಮಾಡಿ ಕೇಳಿ. "ಸೆಕೆಂಡಿಗೆ 20 ಸಾವಿರ ಕ್ಯೂಸೆಕ್" ಎಂಬುದೂ ತಪ್ಪು, ಸೆಕೆಂಡು ಆ ಪದದೊಳಗೇ ಇದೆ. ಸಂಗ್ರಹಕ್ಕೆ ಟಿಎಂಸಿ ಬಳಸಿ: 1 ಟಿಎಂಸಿ ಅಂದರೆ 100 ಕೋಟಿ ಘನ ಅಡಿ.

ಎರಡನ್ನೂ ತಾಳೆ ನೋಡಲು ಒಂದೇ ಅಂಕಿ ಸಾಕು: 11,574. ಇಷ್ಟು ಕ್ಯೂಸೆಕ್ ಇಡೀ ದಿನ ಹರಿದರೆ 1 ಟಿಎಂಸಿ. "ಒಳಹರಿವು 15 ಸಾವಿರ ಕ್ಯೂಸೆಕ್, ಒಂದೇ ದಿನದಲ್ಲಿ 3 ಟಿಎಂಸಿ ಹೆಚ್ಚಳ" ಎಂಬ ಸಾಲು ಕೈಗೆ ಬಂತೆನ್ನಿ. 15,000ವನ್ನು 11,574ರಿಂದ ಭಾಗಿಸಿದರೆ 1.3 ಟಿಎಂಸಿಯೂ ಆಗುವುದಿಲ್ಲ. ಒಳಹರಿವು ದಿನವಿಡೀ ಅಷ್ಟೇ ಇದ್ದಿದ್ದರೆ ಎರಡರಲ್ಲೊಂದು ಸುಳ್ಳು.

ಮಟ್ಟವನ್ನೂ ಗಮನಿಸಿ. ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. ಆಲಮಟ್ಟಿಯ 519.60 ಮೀಟರ್ ಸಮುದ್ರಮಟ್ಟದಿಂದ ಅಳೆದದ್ದು, ಕೆಆರ್‌ಎಸ್‌ನದು ಹಾಗಲ್ಲ. ಇವೆರಡನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಡಿ. ಜಲಾಶಯ ಕೆಳಗೆ ಕಿರಿದು, ಮೇಲೆ ಅಗಲ. ಅರ್ಧ ಎತ್ತರಕ್ಕೆ ನೀರು ಬಂದರೆ "ಅರ್ಧ ಭರ್ತಿ" ಅಲ್ಲ.

ಅಪರಾಧ ಸುದ್ದಿಯಲ್ಲಿ ಪದ ತಪ್ಪಿದರೆ ಒಬ್ಬರ ಬದುಕೇ ಹಾಳಾಗುತ್ತದೆ. ಬಂಧಿಸಿದ ಮಾತ್ರಕ್ಕೆ "ಕೊಲೆಗಾರ ಸೆರೆ" ಎಂಬ ಶೀರ್ಷಿಕೆ ಕೊಡಬೇಡಿ. ನ್ಯಾಯಾಲಯ ದೋಷಿ ಎಂದು ತೀರ್ಪು ಕೊಡುವವರೆಗೂ ಆತ ಆರೋಪಿಯೇ, ಆಮೇಲಷ್ಟೇ ಅಪರಾಧಿ. ಆರೋಪಪಟ್ಟಿ ಸಲ್ಲಿಸುವುದು ಪೊಲೀಸರು, ದೋಷಾರೋಪ ನಿಗದಿಪಡಿಸುವುದು ನ್ಯಾಯಾಲಯ. ಜಾಮೀನು ಸಿಕ್ಕರೆ ಪ್ರಕರಣ ಮುಗಿಯಲಿಲ್ಲ, ಖುಲಾಸೆಯೇ ಬೇರೆ. ನ್ಯಾಯಾಂಗ ಬಂಧನವೆಂದರೆ ಶಿಕ್ಷೆಯಲ್ಲ, ಹಾಗಾಗಿ "14 ದಿನ ಜೈಲು ಶಿಕ್ಷೆ" ಎಂದು ಬರೆದರೆ ದೊಡ್ಡ ತಪ್ಪು.

ಸದನದ ಸುದ್ದಿಯಲ್ಲಿ: ವಿಧಾನಸಭೆ, ವಿಧಾನ ಪರಿಷತ್ತು ಎರಡರ ಒಪ್ಪಿಗೆಯ ನಂತರ ರಾಜ್ಯಪಾಲರ ಅಂಕಿತ ಬೀಳುವ ತನಕ ಅದು ಮಸೂದೆ, ಕಾಯ್ದೆಯಲ್ಲ. ಬಡ್ಡಿ ಶೇ 8ರಿಂದ ಶೇ 10ಕ್ಕೆ ಏರಿದರೆ ಏರಿದ್ದು 2 ಶೇಕಡಾವಾರು ಅಂಕ. "ಶೇ 2ರಷ್ಟು ಏರಿಕೆ" ಅಲ್ಲ, ಲೆಕ್ಕ ಹಾಕಿದರೆ ಅದು ಶೇ 25. ಏಜೆನ್ಸಿ ಸುದ್ದಿಯ ಮಿಲಿಯನ್ 10 ಲಕ್ಷ, ಬಿಲಿಯನ್ 100 ಕೋಟಿ. ಒಂದು ಸೊನ್ನೆ ತಪ್ಪಿದರೆ ಇಡೀ ಸುದ್ದಿ ತಪ್ಪು, ಬೆರಳಿಟ್ಟು ಎಣಿಸಿ.

ತಪ್ಪು ಪ್ರಕಟವಾಗಿಯೇ ಹೋದರೆ ಜಾಲತಾಣದಲ್ಲಿ ಸದ್ದಿಲ್ಲದೆ ಬದಲಿಸಬೇಡಿ. ಮೊದಲು ಏನಿತ್ತು, ಸರಿ ಯಾವುದು, ಯಾವತ್ತು ತಿದ್ದಿದಿರಿ ಎಂದು ಸುದ್ದಿಯ ತಲೆಯಲ್ಲೇ ಬರೆಯಿರಿ. ಶೀರ್ಷಿಕೆ, ಚಿತ್ರದ ಅಡಿಬರಹ, ಫೇಸ್‌ಬುಕ್ ಕಾರ್ಡ್, ಮೊಬೈಲಿಗೆ ಕಳಿಸಿದ ನೋಟಿಫಿಕೇಶನ್ ಇವನ್ನೂ ಹುಡುಕಿ ತಿದ್ದಿ; ಹಳೆಯ ತಪ್ಪು ಹೆಚ್ಚಾಗಿ ಉಳಿದುಕೊಳ್ಳುವುದು ಅಲ್ಲೇ.